ಅಘನಾಶಿನಿಗೆ ರಾಮ್ಸಾರ್ ಪಟ್ಟ ಸಿಕ್ತು. ಗಜನಿ, ಬಳಚು ಉಳಿಯುತ್ತಾ?

ಕುಮಟಾ: ಅಘನಾಶಿನಿ ಅಳಿವೆಗೆ ರಾಮ್ಸಾರ್ ಮನ್ನಣೆ ಸಿಕ್ಕಿದ್ದು 2024ರ ಜನವರಿ 31ರಂದು. 4,801 ಹೆಕ್ಟೇರ್ ಪ್ರದೇಶ, 66ಕ್ಕೂ ಹೆಚ್ಚು ಜಾತಿಯ ನೀರು ಹಕ್ಕಿಗಳು, 6,000ದಿಂದ 7,500 ಕುಟುಂಬಗಳ ಹೊಟ್ಟೆಪಾಡು. ಕೇಂದ್ರ ಸರ್ಕಾರ ಅಂದು ಕೊಟ್ಟ ಲೆಕ್ಕ ಇದು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹೊಳೆ ಉಳಿಯಲ್ಲ. ಅಳಿವೆಗೆ ಪೆಟ್ಟು ಬಿದ್ದಿದ್ದು ಎಲ್ಲಿ ಅನ್ನೋದನ್ನ ನೋಡಬೇಕು.

ಕಟ್ಟೆ ಬಂತು, ಕಗ್ಗ ಹೋಯ್ತು

ಹಿಂದೆ ಗಜನಿಯ ಮಣ್ಣಿನ ಕಟ್ಟೆಯನ್ನು ರೈತರೇ ಸೇರಿ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಭರತದ ನೀರು ಒಳಗೆ ಬಿಟ್ಟರೆ ಮೀನು, ಸಿಗಡಿ. ಗದ್ದೆಯಲ್ಲಿ ಉಳಿದ ಕೂಳೆಯೇ ಅವಕ್ಕೆ ಮೇವು, ಮೀನು ಹುಡುಕಿ ಬರುವ ಹಕ್ಕಿಗೂ ಅಲ್ಲೇ ಊಟ.

1970ರ ದಶಕದಲ್ಲಿ ಸರ್ಕಾರದ ಖಾರ್‌ಲ್ಯಾಂಡ್ ಕಟ್ಟೆಗಳು ಬಂದವು. ಆಮೇಲೆ ಸಿಗಡಿಗೆ ಒಳ್ಳೆ ರೇಟು ಬಂತು, ಗಜನಿ ಗುತ್ತಿಗೆಗೆ ಹೋಯ್ತು. ವರ್ಷವಿಡೀ ಉಪ್ಪುನೀರು ನಿಂತ ಕಡೆ ಭತ್ತ ಬಿತ್ತೋದು ಹೇಗೆ? 1990ರ ದಶಕದ ನಡುವೆ ಬಿಳಿ ಚುಕ್ಕಿ ರೋಗ ದೇಶದ ಸಿಗಡಿ ಕೃಷಿಯನ್ನೇ ಮಲಗಿಸಿತು. ಆದರೆ ಕೈಬಿಟ್ಟ ಗದ್ದೆಗಳೆಲ್ಲ ಮತ್ತೆ ಭತ್ತಕ್ಕೆ ಬರಲಿಲ್ಲ. ಮಾಣಿಕಟ್ಟಾ ಭಾಗದ ರೈತರು ಕಗ್ಗದ ಬೀಜ ಉಳಿಸಿಕೊಂಡಿದ್ದಾರೆ ಅನ್ನೋದೇ ಸಮಾಧಾನ.

ಬಳಚಿನ ಬುಡಕ್ಕೇ ಕೈ

ಇಳಿತದ ಹೊತ್ತಿಗೆ ಬಳಚು ಆರಿಸಲು ಹೊಳೆಗೆ ಇಳಿಯುವವರಲ್ಲಿ ಹೆಂಗಸರೂ ಇದ್ದಾರೆ. ಬಂಡವಾಳ ಬೇಡ, ಬೋಟು ಬೇಡ. ಆದರೆ ಸುಣ್ಣ, ಸಿಮೆಂಟಿಗೆಂದು ತಳದ ಚಿಪ್ಪು ತೆಗೆದರೆ, ಮರಳು ಬಾಚಿದರೆ ಬಳಚು ಮರಿ ಕೂರುವ ಜಾಗವೇ ಹೋಗುತ್ತದೆ. ಸಣ್ಣದನ್ನೂ ಬಿಡದೆ ಆರಿಸಿದರೆ ಮುಂದಿನ ವರ್ಷದ ಬೆಳೆಗೆ ಬೀಜವೇ ಇರಲ್ಲ. ಇದು ಸರ್ಕಾರದ ತಪ್ಪೊಂದೇ ಅಲ್ಲ.

ಈಗ ನೀರಿನ ಪಾಲು

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ತದಡಿಯಲ್ಲಿ ಸಮುದ್ರ ಸೇರುವವರೆಗೆ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ತದಡಿಯ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಜನರ ವಿರೋಧದ ನಡುವೆ ನಿಂತುಹೋಯ್ತು. ಈಗ ವೇದಾವತಿಗೆ ನೀರು ಒಯ್ಯುವ ಜೋಡಣೆ ಮಾತು ಎದ್ದಿದೆ. 'ಸಮುದ್ರಕ್ಕೆ ಹೋಗುವ ನೀರು ದಂಡ' ಅನ್ನೋದು ಇದರ ಹಿಂದಿನ ವಾದ.

ದಂಡ ಅಲ್ಲ. ಗಜನಿಯ ಉಪ್ಪು ತೊಳೆದು ಕಗ್ಗ ಮೊಳೆಯುವಂತೆ ಮಾಡೋದು ಈ ಸಿಹಿನೀರು. ಕಾಂಡ್ಲಾ ಬೆಳೆಯಲು ಬೇಕಾದ ಹೂಳು ತರೋದೂ ಇದೇ. ಕಾಂಡ್ಲಾ ಬೇರಿನ ನಡುವೆ ಮೀನು ಮರಿ ಬೆಳೆಯುತ್ತದೆ, ದಂಡೆ ಕೊರೆತ ತಗ್ಗುತ್ತದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಘಟ್ಟದ ಮೇಲೆ ನೀರು ತಿರುಗಿಸುವ ಲೆಕ್ಕದಲ್ಲಿ ಅಳಿವೆಯ ಪಾಲನ್ನೂ ಬರೆಯಬೇಕು.

ಬಳಚು, ಮೀನು ಮಾರಿದ ದುಡ್ಡು ಸಂಜೆ ತಿರುಗೋದು ಕುಮಟಾ, ಗೋಕರ್ಣ ಪೇಟೆಯ ಕಿರಾಣಿ, ಬಟ್ಟೆ ಅಂಗಡಿಗಳಲ್ಲೇ. ಹೊಳೆ ಬಡವಾದರೆ ಗಲ್ಲಾಪೆಟ್ಟಿಗೆಯೂ ಬಡವಾಗುತ್ತೆ. ಹಾಗಾಗಿ ಚಿಪ್ಪು, ಮರಳು ಎಲ್ಲಿ ತೆಗೀತಾರೆ, ಗಜನಿ ಯಾವ ಷರತ್ತಿಗೆ ಗುತ್ತಿಗೆ ಹೋಗುತ್ತೆ ಅನ್ನೋ ಪ್ರಶ್ನೆ ಗ್ರಾಮಸಭೆಯಲ್ಲಿ ಏಳಬೇಕು. ಕೇಳೋ ಹಕ್ಕು ದಂಡೆಯವರಿಗೆ ಮಾತ್ರ ಅಲ್ಲ, ಪೇಟೆಯವರಿಗೂ ಇದೆ.