ದಾಸೋಹಕ್ಕೂ ಎಚ್ಚರ ಬೇಕು

2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಬೆನ್ನಲ್ಲೇ, ಅದರ ಯುಪಿಐ ವಿಳಾಸದಿಂದ ಒಂದಕ್ಷರವನ್ನು ಕೈಬಿಟ್ಟ ನಕಲಿ ವಿಳಾಸವು ಜಾಲತಾಣಗಳಲ್ಲಿ ಹರಿದಾಡಿತು. ಇಂದು ರೋಗಪೀಡಿತ ಮಕ್ಕಳ ಭಾವಚಿತ್ರಗಳನ್ನು ಕದ್ದು, ತಮ್ಮ ಕ್ಯೂಆರ್ ಕೋಡ್ ಅಂಟಿಸಿ ಬೇಡುವವರಿದ್ದಾರೆ. ಇದರಲ್ಲಿ ದಾನಿ ಕಳೆದುಕೊಳ್ಳುವುದು ಹಣವನ್ನು. ನಿಜವಾಗಿ ನೊಂದವರು ಕಳೆದುಕೊಳ್ಳುವುದು ಸಮಾಜದ ನಂಬಿಕೆಯನ್ನು.

ಶರಣರು ದಾಸೋಹಕ್ಕೆ ಸತ್ಯಶುದ್ಧ ಕಾಯಕದ ಗಳಿಕೆಯನ್ನೇ ಬಯಸಿದರು. ಅಂತಹ ಗಳಿಕೆ ಸಲ್ಲಬೇಕಾದವರಿಗೇ ಸಲ್ಲುವಂತೆ ನೋಡಿಕೊಳ್ಳುವುದೂ ದಾಸೋಹದ ಭಾಗವೆಂದು ನಾವು ಭಾವಿಸುತ್ತೇವೆ. ಆದ್ದರಿಂದ ಸದ್ಭಕ್ತರು ಹಣ ಕಳುಹಿಸುವ ಮುನ್ನ ಪರದೆಯಲ್ಲಿ ಮೂಡುವ ಖಾತೆದಾರರ ಹೆಸರನ್ನು ಓದಬೇಕು. ಆಸ್ಪತ್ರೆಯನ್ನು ನೇರವಾಗಿ ವಿಚಾರಿಸಿ, ಸಾಧ್ಯವಾದರೆ ಅದರ ಖಾತೆಗೇ ಸಲ್ಲಿಸಬೇಕು. ಮೋಸಹೋದವರು ಸಂಕೋಚದಿಂದ ಸುಮ್ಮನಿರದೆ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಚದುರಿ, ಅದನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ.