ತೀರ್ಪು ಬಂತು, ಹಕ್ಕು ಬರಲಿಲ್ಲ

ಅರ್ಜಿ ತುಂಬುವಾಗ ‘ಇತರೆ’ ಎಂಬ ಕಾಲಂ ನಮಗೆಲ್ಲ ಪರಿಚಿತ. ಆ ‘ಇತರೆ’ಗೆ ಸೇರಿದವರು ದೇಶದ ಅತ್ಯುನ್ನತ ಹುದ್ದೆಯ ಚುನಾವಣೆಗೆ ನಿಲ್ಲುವಂತೆಯೇ ಇಲ್ಲ ಎಂದರೆ? ಯುರೋಪಿನ ಬೋಸ್ನಿಯಾ–ಹರ್ಜೆಗೊವಿನಾದ ಸಂವಿಧಾನ ಹೇಳುವುದು ಇದನ್ನೇ.

1992ರಿಂದ ನಡೆದ ಅಲ್ಲಿನ ಯುದ್ಧವನ್ನು 1995ರ ಡೇಟನ್ ಒಪ್ಪಂದ ನಿಲ್ಲಿಸಿತು. ಆ ಒಪ್ಪಂದದ ಒಂದು ಅನುಬಂಧವೇ ದೇಶದ ಸಂವಿಧಾನವಾಯಿತು. ಅದರಂತೆ ಅಧ್ಯಕ್ಷ ಮಂಡಳಿಗೆ ಮೂವರು: ಒಬ್ಬರು ಬೋಸ್ನಿಯಾಕ್, ಒಬ್ಬರು ಕ್ರೊಯೇಟ್, ಒಬ್ಬರು ಸರ್ಬ್. ಉಳಿದವರು ‘ಇತರರು’. ರೋಮಾ ಸಮುದಾಯದ ಡೆರ್ವೊ ಸೆಯ್ದಿಚ್ ಮತ್ತು ಯಹೂದಿಯಾದ ಯಾಕೊಬ್ ಫಿಂಚಿ ಇದನ್ನು ಪ್ರಶ್ನಿಸಿ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದರು. ಇದು ತಾರತಮ್ಯ ಎಂದು 2009ರ ಡಿಸೆಂಬರ್ 22ರಂದು ನ್ಯಾಯಾಲಯ ತೀರ್ಪಿತ್ತಿತು.

ಆಮೇಲೇನಾಯಿತು? 2010, 2014, 2018, 2022ರಲ್ಲಿ ಚುನಾವಣೆಗಳು ನಡೆದವು. ನಾಲ್ಕೂ ಬಾರಿ ಅಧ್ಯಕ್ಷ ಮಂಡಳಿಯ ಬಾಗಿಲು ‘ಇತರರಿಗೆ’ ಮುಚ್ಚಿಯೇ ಇತ್ತು. ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಚುನಾವಣೆಯನ್ನು ರದ್ದು ಮಾಡಲಾರದು, ಸಂವಿಧಾನವನ್ನು ತಿದ್ದಲಾರದು. ತೀರ್ಪಿನ ಪಾಲನೆಯ ಮೇಲೆ ಕಣ್ಣಿಡುವ ಯುರೋಪ್ ಮಂಡಳಿಯ ಸಚಿವರ ಸಮಿತಿಯೂ ಒತ್ತಡ ಹೇರಬಹುದಷ್ಟೆ.

‘ಹೊರಗಿನ ನ್ಯಾಯಾಧೀಶರಿಗೆ ನಮ್ಮ ಚುನಾವಣೆಯಲ್ಲೇನು ಕೆಲಸ?’ ಎಂದು ಕೇಳುವವರಿದ್ದಾರೆ. ಅವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಯಾರು ಆಳಬೇಕು ಎಂಬುದನ್ನು ಮತದಾರರೇ ತೀರ್ಮಾನಿಸಬೇಕು. ಯುದ್ಧ ನಿಲ್ಲಿಸಿದ ಹಂಚಿಕೆಯನ್ನು ದೂರದ ಕೋರ್ಟೊಂದು ಒಂದೇ ಆದೇಶದಲ್ಲಿ ಕಿತ್ತುಹಾಕುವುದೂ ಅಪಾಯವೇ. ಆದರೆ ಇನ್ನರ್ಧ ಪ್ರಶ್ನೆ ಉಳಿಯುತ್ತದೆ. ಈ ನಿಯಮವನ್ನು ಬದಲಿಸಬೇಕಾದವರು ಇದೇ ನಿಯಮದಿಂದ ಗೆದ್ದು ಕುಳಿತವರು. ಬೇಲಿಯೇ ಎದ್ದು ಹೊಲ ಮೇಯುವಾಗ ‘ಇತರರು’ ಯಾರಿಗೆ ದೂರು ಕೊಡಬೇಕು? ತಮ್ಮ ಮತಗಳಿಂದಲೇ ಸಂವಿಧಾನ ತಿದ್ದಿಸುವಷ್ಟು ಸಂಖ್ಯೆ ಅವರಲ್ಲಿಲ್ಲ.

ಹಾಗಾಗಿ ಆ ತೀರ್ಪು ವ್ಯರ್ಥ ಎನ್ನಲು ನಾನು ತಯಾರಿಲ್ಲ. ಯಾವುದೇ ಸಮುದಾಯದ ಹೆಸರು ಹೇಳಿಕೊಳ್ಳದೆ, ‘ನಾನು ಬರೀ ಈ ದೇಶದ ಪ್ರಜೆ’ ಎಂದ ಅಜ್ರಾ ಜೋರ್ನಿಚ್ ಎಂಬ ಮಹಿಳೆ 2014ರಲ್ಲಿ ಅದೇ ದಾರಿಯಲ್ಲಿ ಗೆದ್ದರು. ಅನ್ಯಾಯವನ್ನು ಅನ್ಯಾಯ ಎಂದು ಬರೆದಿಟ್ಟ ದಾಖಲೆ ಇದ್ದರೆ ಮುಂದಿನವರ ಹೋರಾಟ ಮೊದಲಿನಿಂದ ಶುರುವಾಗಬೇಕಿಲ್ಲ.

ನಮ್ಮ ಸುಪ್ರೀಂ ಕೋರ್ಟ್‌ನ ಮೇಲೆ ಅಂಥ ಹೊರಗಿನ ಕೋರ್ಟ್ ಇಲ್ಲ. ಬೋಸ್ನಿಯಾವನ್ನು ನೋಡಿದರೆ, ಇದ್ದರೂ ಕೊನೆಯ ಕೆಲಸ ಆಯಾ ದೇಶದ ಸಂಸತ್ತಿನದು, ಅದನ್ನು ಆರಿಸುವ ಮತದಾರರದು. ಚುನಾವಣೆಗೆ ನಿಲ್ಲಲು ಯಾವ ತಡೆಯೂ ಇಲ್ಲದ ಬಹುಸಂಖ್ಯಾತ ಯುವಜನರು ‘ಇತರರ’ ಪರವಾಗಿ ಮತ ಕೇಳದ ಹೊರತು ಅಲ್ಲಿ ಈ ನಿಯಮ ಬದಲಾಗದು ಎಂಬುದು ನನ್ನ ಅನಿಸಿಕೆ.