ಶಾಶ್ವತವೋ, ಸುಸ್ಥಿರವೋ: ಪತ್ರಕರ್ತರ ಅರಿವನ್ನು ಅಳೆಯುವ ಬಗೆ

ಸುಸ್ಥಿರತೆ ಎಂಬ ಪರಿಕಲ್ಪನೆ ಪತ್ರಕರ್ತರಿಗೆ ಎಷ್ಟರಮಟ್ಟಿಗೆ ತಿಳಿದಿದೆ ಎಂದು ಸಮೀಕ್ಷೆ ಮಾಡಹೊರಟವರು ಮೊದಲು ವ್ಯಾಖ್ಯೆಯನ್ನು ಕೇಳುತ್ತಾರೆ. ಅದಕ್ಕೆ ಉತ್ತರ ಸಿದ್ಧವಾಗಿಯೇ ಇದೆ. ನಾರ್ವೆಯ ಗ್ರೋ ಹಾರ್ಲೆಮ್ ಬ್ರಂಟ್‌ಲಂಡ್ ಅವರ ಅಧ್ಯಕ್ಷತೆಯ ಜಾಗತಿಕ ಆಯೋಗವು 1987ರಲ್ಲಿ ಅದನ್ನು ನಿರೂಪಿಸಿತು: ಮುಂದಿನ ಪೀಳಿಗೆಯವರ ಅಗತ್ಯಗಳಿಗೆ ಕುಂದು ತಾರದೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಅಭಿವೃದ್ಧಿಯೇ ಸುಸ್ಥಿರ ಅಭಿವೃದ್ಧಿ. 2015ರಲ್ಲಿ ವಿಶ್ವಸಂಸ್ಥೆ ಇದನ್ನು 17 ಗುರಿಗಳಾಗಿ ವಿಸ್ತರಿಸಿತು. ಇಷ್ಟನ್ನು ಕಂಠಪಾಠ ಮಾಡಿದ ವರದಿಗಾರ ಸಮೀಕ್ಷೆಯಲ್ಲಿ ಪೂರ್ಣಾಂಕ ಪಡೆಯಬಹುದು. ಆದರೆ ಅವನ ನಿಜವಾದ ಅರಿವು ತಿಳಿಯಬೇಕಾದರೆ ಅವನು ಬರೆದ ಸುದ್ದಿಯನ್ನೇ ಓದಬೇಕು.

ಗಡಿಭಾಗದಲ್ಲಿ ಈ ಪ್ರಶ್ನೆ ಪದದಿಂದಲೇ ಆರಂಭವಾಗುತ್ತದೆ. ಕನ್ನಡದ 'ಸುಸ್ಥಿರ ಅಭಿವೃದ್ಧಿ' ಮರಾಠಿಯಲ್ಲಿ 'ಶಾಶ್ವತ ವಿಕಾಸ'. ಮರಾಠಿಯ 'ವಿಕಾಸ' ಅಭಿವೃದ್ಧಿಯಾದರೆ, ಕನ್ನಡದ 'ವಿಕಾಸ' ಜೀವವಿಕಾಸದ ಕಡೆಗೆ ವಾಲುತ್ತದೆ. 'ಶಾಶ್ವತ' ಎಂದರೆ ಕನ್ನಡಿಗನಿಗೆ ಎಂದೂ ಅಳಿಯದ್ದು. ಮರಾಠಿ ಪ್ರಕಟಣೆಯನ್ನು ಅವಸರದಲ್ಲಿ ಕನ್ನಡಕ್ಕೆ ತರುವವನು 'ಶಾಶ್ವತ'ವನ್ನು ಹಾಗೆಯೇ ಉಳಿಸಿಕೊಂಡರೆ, ಮಿತಿಯನ್ನು ನೆನಪಿಸಬೇಕಾದ ಪದ ಮಿತಿಯೇ ಇಲ್ಲವೆಂಬ ಭರವಸೆಯಾಗಿ ಮಾರ್ಪಡುತ್ತದೆ.

ಅಕ್ಕಲಕೋಟ ತಾಲೂಕಿನ ಕುರನೂರ ಜಲಾಶಯವನ್ನು ನೋಡಬಹುದು. ಭೀಮೆಯನ್ನು ಸೇರುವ ಬೋರಿ ನದಿಗೆ ಕಟ್ಟಿದ ಈ ಜಲಾಶಯವನ್ನು ಅಕ್ಕಲಕೋಟ ಪಟ್ಟಣವೂ ಸುತ್ತಲಿನ ಹೊಲಗಳೂ ನೆಚ್ಚಿಕೊಂಡಿವೆ. ಮಳೆ ಚೆನ್ನಾಗಿ ಬಂದ ವರ್ಷ 'ಕುರನೂರ ಭರ್ತಿ' ಎಂಬುದು ಸಂತಸದ ಸುದ್ದಿ. ಮಳೆ ಕೈಕೊಟ್ಟ ವರ್ಷ ಟ್ಯಾಂಕರ್ ಕಳವಳದ ಸುದ್ದಿ. ತುಂಬಿದ ನೀರು ಯಾವ ಬೆಳೆಗೆ ಎಷ್ಟು ಹೋಯಿತು, ಹೂಳು ಎಷ್ಟು ಕುಳಿತಿತು, ನದಿಯ ಕೆಳಗಿನ ಊರುಗಳಿಗೆ ಏನು ಉಳಿಯಿತು ಎಂಬ ಪ್ರಶ್ನೆಗಳು ಈ ಎರಡು ಸುದ್ದಿಗಳ ನಡುವೆ ಇರುತ್ತವೆ. ಸುಸ್ಥಿರತೆಯ ವಿಷಯವೂ ಅಲ್ಲಿಯೇ ಇದೆ.

ಅದೇ ಬೋರಿಗೆ ಮೇಲ್ಭಾಗದ ನಳದುರ್ಗ ಕೋಟೆಯಲ್ಲಿ ಆದಿಲಶಾಹಿಗಳು ಕಟ್ಟಿಸಿದ ಅಣೆಕಟ್ಟು ಇಂದಿಗೂ ನಿಂತಿದೆ. ಅದು ಶಾಶ್ವತವೆನ್ನಬಹುದಾದ ಗೋಡೆ. ನೀರಿನ ಮಾತು ಬೇರೆ. ರಾಘವಾಂಕನ 'ಸಿದ್ಧರಾಮ ಚಾರಿತ್ರ'ವನ್ನು ಓದಿದವರಿಗೆ ಸೊನ್ನಲಿಗೆಯ ಕೆರೆ ಅಪರಿಚಿತವಲ್ಲ. ಕೆರೆಯನ್ನು ಒಮ್ಮೆ ಕಟ್ಟಿದರೆ ಸಾಲದು; ಹೂಳೆತ್ತಿ, ಏರಿ ಕಾಯ್ದು, ಬಳಕೆಗೆ ಕಟ್ಟಳೆ ಹಾಕಿಕೊಂಡಾಗ ಮಾತ್ರ ಅದು ಕೆರೆಯಾಗಿ ಉಳಿಯುತ್ತದೆ. ಶಾಶ್ವತಕ್ಕೂ ಸುಸ್ಥಿರಕ್ಕೂ ಇರುವ ಅಂತರ ಇದು.

ಉಜನಿಯ ಸುದ್ದಿ ಇನ್ನೂ ಬೋಧಪ್ರದವಾದುದು. ಭೀಮೆಯ ಈ ಜಲಾಶಯದಲ್ಲಿ ಬಳಕೆಗೆ ಯೋಗ್ಯವಾದ ನೀರು ಸುಮಾರು 53 ಟಿಎಂಸಿ. ಅದರ ಕೆಳಗಿನ ಮೃತ ಸಂಗ್ರಹ ಸುಮಾರು 63 ಟಿಎಂಸಿ. ಶೇಕಡಾ ಲೆಕ್ಕ ನಡೆಯುವುದು ಮೊದಲಿನದರ ಮೇಲೆ. ಆದುದರಿಂದ ಮೃತ ಸಂಗ್ರಹಕ್ಕೆ ಕೈ ಹಾಕಿದೊಡನೆ ಪತ್ರಿಕೆಗಳಲ್ಲಿ 'ಉಣೆ', ಅಂದರೆ ಮೈನಸ್, ಅಂಕಿ ಕಾಣಿಸುತ್ತದೆ. 2024ರ ಬೇಸಗೆಯಲ್ಲಿ ಅದು ಮೈನಸ್ 50ನ್ನೂ ದಾಟಿ ಇಳಿಯಿತು. ಕ್ರಿಕೆಟ್ ಸ್ಕೋರಿನಂತೆ ದಿನವೂ ಅಂಕಿ ಕೊಡುವ ವರದಿ ತಪ್ಪಲ್ಲ, ಆದರೆ ಅಪೂರ್ಣ. ಮಹಾರಾಷ್ಟ್ರದಲ್ಲಿ ಬಿತ್ತನೆ ಕ್ಷೇತ್ರದ ಶೇ. 4ಕ್ಕಿಂತ ಕಡಿಮೆ ಇರುವ ಕಬ್ಬು ನೀರಾವರಿಯ ಹೆಚ್ಚುಕಡಿಮೆ ಶೇ. 70ರಷ್ಟು ನೀರನ್ನು ಬಳಸುತ್ತದೆಂದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೇ ಹೇಳಿದೆ. ಈ ಮಾತು ಆ ಮೈನಸ್ ಅಂಕಿಯ ಪಕ್ಕದಲ್ಲಿ ಬಂದಾಗ ಸುದ್ದಿ ಪೂರ್ಣವಾಗುತ್ತದೆ. ಕಬ್ಬು ಬೆಳೆಯುವ ರೈತನನ್ನು ದೂಷಿಸುವುದು ಇದರ ಉದ್ದೇಶವಲ್ಲ. ಖಚಿತ ಬೆಲೆಯೂ ಖಚಿತ ಖರೀದಿಯೂ ಇರುವ ಬೆಳೆ ಅವನಿಗೆ ಬೇರೆ ಯಾವುದಿದೆ ಎಂಬುದೂ ವರದಿಯ ಪ್ರಶ್ನೆಯೇ.

ತಾಲೂಕು ವರದಿಗಾರನಿಗೆ ಸಮಯ ಕಡಿಮೆ, ಸ್ಥಳ ಕಡಿಮೆ, ಸಂಬಳ ಇನ್ನೂ ಕಡಿಮೆ ಎಂಬ ಸಮಜಾಯಿಷಿ ಸುಳ್ಳಲ್ಲ. ಆದರೂ ದಾರಿ ಇಲ್ಲದಿಲ್ಲ. ನಾಗೇಶ ಹೆಗಡೆಯವರು ದಿನಪತ್ರಿಕೆಯ ಅಂಕಣದಲ್ಲಿಯೇ ಪರಿಸರ ವಿಜ್ಞಾನವನ್ನು ಸಾಮಾನ್ಯ ಓದುಗನಿಗೆ ತಲುಪಿಸಿದರು. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ 'ಅಡಿಕೆ ಪತ್ರಿಕೆ' ಕೃಷಿಕರಿಂದಲೇ ಬರೆಯಿಸಿತು. ಅದನ್ನು ಬೆಳೆಸಿದ ಶ್ರೀ ಪಡ್ರೆಯವರು ಇನ್ನೊಂದು ಗಡಿನಾಡಾದ ಕಾಸರಗೋಡಿನಿಂದ ಮಳೆನೀರಿನ ಬಗ್ಗೆ ಬರೆಯುತ್ತ ಬಂದವರು. ಇವರು ವ್ಯಾಖ್ಯೆಗಿಂತ ಬಾವಿಯ ನೀರಿನ ಮಟ್ಟಕ್ಕೆ ಹೆಚ್ಚು ಗಮನ ಕೊಟ್ಟರು.

ಆದ್ದರಿಂದ ನಡೆಯಬೇಕಾದ ಸಮೀಕ್ಷೆ ಪ್ರಶ್ನಾವಳಿಯದಲ್ಲ, ಪತ್ರಿಕೆಯದು. ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಎರಡು ಭಾಷೆಯ ಪತ್ರಿಕೆಗಳೂ ಕೈಗೆಟಕುತ್ತವೆ. ಒಂದು ವರ್ಷದ ನೀರಿನ ಸುದ್ದಿಗಳನ್ನು ಕತ್ತರಿಸಿಟ್ಟು ಅವರು ಮೂರು ಪ್ರಶ್ನೆ ಕೇಳಲಿ: ನೀರು ಎಲ್ಲಿಂದ ಬಂತು, ಯಾರಿಗೆ ಹೋಯಿತು, ನಾಳೆಗೆ ಎಷ್ಟು ಉಳಿಯಿತು? ಮೂರಕ್ಕೂ ಉತ್ತರವಿರುವ ವರದಿಯಲ್ಲಿ 'ಸುಸ್ಥಿರ' ಎಂಬ ಪದ ಇರದಿದ್ದರೂ ಕೊರತೆಯಿಲ್ಲ. ನಾಳೆ ಇವರಲ್ಲಿ ಕೆಲವರಾದರೂ ವರದಿಗಾರರೂ ಅನುವಾದಕರೂ ಆಗುವರು. ಆಗ ಕುರನೂರ ತುಂಬಿದ ಸುದ್ದಿ ಬರೆಯುವಾಗ ಮೂರನೆಯ ಪ್ರಶ್ನೆಯನ್ನು ಬಿಡದಿರಲಿ.